ಕನ್ನಡ ಮೀಡಿಯಂನಲ್ಲಿ ಓದಿದವರು ಆರ್.ಕೆ. ನಾರಾಯಣ್ ಕಾದಂಬರಿಗಳನ್ನು ಇಂಗ್ಲಿಷಿನಲ್ಲೇ ಓದಬಹುದಾ? 'ಗೈಡ್'ನಿಂದ ಶುರು ಮಾಡಲಾ?

ಧಾರಾಳವಾಗಿ ಓದಬಹುದು. ಆದರೆ 'ಗೈಡ್' ಆಮೇಲೆ ಇರಲಿ. ಮೊದಲು 'ಸ್ವಾಮಿ ಅಂಡ್ ಫ್ರೆಂಡ್ಸ್' ಹಿಡಿಯಿರಿ.

ನಾನೂ ಗುಬ್ಬಿ ಕಡೆಯ ಸರ್ಕಾರಿ ಶಾಲೆಯಲ್ಲಿ ಕನ್ನಡ ಮೀಡಿಯಂನಲ್ಲೇ ಓದಿದವನು. ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತಿದ್ದಾಗ ಈ ಪುಸ್ತಕ ಓದಿದೆ. ಮೊದಲ ದಿನ ಕ್ಯಾತ್ಸಂದ್ರದಿಂದ ನಿಡವಂದದವರೆಗೆ ಬರೀ ನಾಲ್ಕು ಪುಟ. ಗೊತ್ತಿಲ್ಲದ ಪದದ ಕೆಳಗೆಲ್ಲ ಪೆನ್ಸಿಲ್ ಗೆರೆ. ಮೂರನೇ ದಿನ ಪೆನ್ಸಿಲ್ ಜೇಬಿನಿಂದ ಆಚೆ ಬರಲೇ ಇಲ್ಲ. ಸೋಮವಾರ ಬೆಳಿಗ್ಗೆ ಏಳಲು ಮನಸ್ಸಿಲ್ಲದ ಹುಡುಗ, ಮಾಡದೆ ಉಳಿದ ಹೋಂವರ್ಕ್, ಕೆಂಗಣ್ಣಿನ ಮೇಷ್ಟ್ರು, ರಾತ್ರಿ ಅಜ್ಜಿಯ ಮುಂದೆ ಗೆಳೆಯನನ್ನು ಹೊಗಳುವುದು. ಇದಕ್ಕೆಲ್ಲ ಡಿಕ್ಷನರಿ ಯಾಕೆ ಬೇಕು, ಅಲ್ವಾ?

ಕೊನೆಯ ಅಧ್ಯಾಯ ರೈಲ್ವೆ ಸ್ಟೇಷನ್ನಿನಲ್ಲಿ ನಡೆಯುತ್ತದೆ. ಸ್ವಾಮಿ ಕ್ರಿಕೆಟ್ ಮ್ಯಾಚ್ ತಪ್ಪಿಸಿಕೊಂಡಿದ್ದಕ್ಕೆ ಮುನಿಸಿಕೊಂಡ ಗೆಳೆಯ ರಾಜಂ ಊರು ಬಿಟ್ಟು ಹೊರಟಿದ್ದಾನೆ. ಸ್ವಾಮಿ ತಂದ ಪುಸ್ತಕ ಹೇಗೋ ಅವನ ಕೈ ಸೇರುತ್ತದೆ. ಅವನು ಕ್ಷಮಿಸಿದನಾ ಇಲ್ವಾ, ಸ್ವಾಮಿಗೆ ತಿಳಿಯುವುದಿಲ್ಲ. ಕಾಗದ ಬರೆಯುತ್ತಾನಂತೆ ಎಂದು ಇನ್ನೊಬ್ಬ ಗೆಳೆಯ ಮಣಿ ಸಮಾಧಾನ ಹೇಳುತ್ತಾನೆ. ಮಣಿಯ ಮುಖ ನೋಡಿದರೆ ಅದು ನಿಜವೋ ಸುಳ್ಳೋ ಗೊತ್ತಾಗದು. ಇದನ್ನು ಓದುವಾಗ ನಮ್ಮ ರೈಲು ಚಿಕ್ಕಬಾಣಾವರದ ಹತ್ತಿರ ಸಿಗ್ನಲ್‌ಗೆ ನಿಂತಿತ್ತು. ಯಶವಂತಪುರ ಬರುವವರೆಗೂ ಸುಮ್ನೆ ಕಿಟಕಿ ಆಚೆ ನೋಡುತ್ತಾ ಕೂತೆ.

ಇಂಗ್ಲಿಷ್ ಭಯದ ಬಗ್ಗೆ ಒಂದು ಮಾತು. ನಾರಾಯಣ್ 1906ರಲ್ಲಿ ಮದ್ರಾಸಿನಲ್ಲಿ ಹುಟ್ಟಿದವರು, ಮನೆಮಾತು ತಮಿಳು. ಅಪ್ಪ ಮೈಸೂರಿನಲ್ಲಿ ಹೆಡ್‌ಮಾಸ್ಟರ್. ಆದರೂ ಯೂನಿವರ್ಸಿಟಿ ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿ ಒಂದು ವರ್ಷ ಮನೆಯಲ್ಲಿ ಕೂತರು. ಆ ವರ್ಷವೆಲ್ಲ ಓದಿದರು, ಬರೆದರು. 'ಸ್ವಾಮಿ'ಯ ಹಸ್ತಪ್ರತಿಯನ್ನು ಇಂಗ್ಲೆಂಡಿನ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ವಾಪಸ್ ಕಳಿಸಿದರು. ಬೇಸತ್ತು, ಅದಕ್ಕೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಎಂದು ಆಕ್ಸ್‌ಫರ್ಡ್‌ನಲ್ಲಿದ್ದ ಗೆಳೆಯ ಪೂರ್ಣ ಅವರಿಗೆ ಬರೆದರು. ಆ ಪುಣ್ಯಾತ್ಮ ಎಸೆಯಲಿಲ್ಲ, ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಕೈಗೆ ಕೊಟ್ಟರು. 1935ರಲ್ಲಿ ಪುಸ್ತಕ ಬಂತು.

ಎರಡನೆಯದಾಗಿ 'ದಿ ಇಂಗ್ಲಿಷ್ ಟೀಚರ್' ಓದಿ. ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ನೋಡಿ ಬೆಳೆದ ನಮಗೆ ನಾರಾಯಣ್ ಅಂದರೆ ನಗು. ಇಲ್ಲಿ ಬೇರೆಯೇ ನಾರಾಯಣ್ ಸಿಗುತ್ತಾರೆ. ಅವರ ಹೆಂಡತಿ ರಾಜಂ 1939ರಲ್ಲಿ ಟೈಫಾಯ್ಡ್‌ನಿಂದ ತೀರಿಕೊಂಡರು. ಕಾದಂಬರಿಯ ನಾಯಕನ ಹೆಂಡತಿ ಸುಶೀಲಾಗೂ ಅದೇ ಜ್ವರ. ಗಂಡನ ಜೊತೆ ಹೊಸ ಮನೆ ನೋಡಲು ಖುಷಿಯಿಂದ ಹೋದವಳು, ಹಿತ್ತಲ ಕೊಳಕು ಪಾಯಿಖಾನೆಯ ಬಾಗಿಲು ತೆರೆಯಲಾಗದೆ ಒಳಗೇ ಸಿಕ್ಕಿಕೊಳ್ಳುತ್ತಾಳೆ. ಅಲ್ಲಿಂದ ಕಾಯಿಲೆ ಶುರು. ಭಾಷೆ ಸರಳ, ಆದರೆ ಒಂದೇ ಸಲಕ್ಕೆ ಜಾಸ್ತಿ ಓದಲು ನನಗೆ ಆಗಲಿಲ್ಲ.

ಆಮೇಲೆ 1958ರ 'ಗೈಡ್'. ಒಮ್ಮೆ ಕಥಾನಾಯಕ ರಾಜು ತಾನೇ ಕಥೆ ಹೇಳುತ್ತಾನೆ, ಒಮ್ಮೆ ಲೇಖಕರು ಹೇಳುತ್ತಾರೆ. ಕಾಲ ಹಿಂದೆ ಮುಂದೆ ಹೋಗುತ್ತದೆ. ಮೊದಲ ಪುಸ್ತಕಕ್ಕೆ ಬೇಡ ಅಂದಿದ್ದು ಅದಕ್ಕೇ. ಸಿನಿಮಾ ನೋಡಿದ್ದರೂ ಓದಿ. ಸಿನಿಮಾದಲ್ಲಿ ಮಳೆ ಸುರಿಯುತ್ತದೆ. ಪುಸ್ತಕದಲ್ಲಿ, ಬೆಟ್ಟದ ಕಡೆ ಮಳೆ ಬರುತ್ತಿದೆ ಅಂತ ಮಳೆಗಾಗಿ ಉಪವಾಸ ಕೂತು ಬಸವಳಿದ ರಾಜು ಹೇಳುತ್ತಾನೆ, ಅಷ್ಟೇ. ಆ ಪುಟವನ್ನು ನಿಧಾನವಾಗಿ, ಎರಡು ಸಲ ಓದಿ.