ಲಂಚ ಅನ್ನುವ ಪದವೇ ಇಲ್ಲದ ಅಧ್ಯಾಯ

ಲಂಚದ ಬಗ್ಗೆ ಬೈಬಲಿನಲ್ಲಿರುವ ವಚನಗಳನ್ನೆಲ್ಲ ಒಟ್ಟುಮಾಡಿ, ಇವತ್ತಿನ ಸಮಾಜದ ಭ್ರಷ್ಟಾಚಾರಕ್ಕೆ ಉತ್ತರ ಕೊಡುವ ಥೀಸಿಸ್ ಬರೆಯಬೇಕು, ಯಾವ ವಚನಗಳನ್ನು ತಗೊಳ್ಳಲಿ ಅಂತ ಕೇಳಿದ್ದೀರಿ. ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಸೆಮಿನರಿಯಲ್ಲಿ ನಾನು ಎರಡು ವರ್ಷ ಮಾಡಿದ್ದು ಇದನ್ನೇ.

ನನ್ನ ವಿಷಯ 'ಶೋಹದ್' ಅನ್ನುವ ಹೀಬ್ರೂ ಪದ. ನಾವು ಲಂಚ ಅಂತ ಅನುವಾದ ಮಾಡುತ್ತೇವಲ್ಲ, ಅದು. ಪದಸೂಚಿ ತೆಗೆದು, ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯಲ್ಲಿ ಆ ಪದ ಬರುವ 20ಕ್ಕೂ ಜಾಸ್ತಿ ಜಾಗಗಳನ್ನು ಒಂದೊಂದು ಕಾರ್ಡಿನ ಮೇಲೆ ಬರೆದುಕೊಂಡೆ. ಲಂಚ ಕಣ್ಣಿದ್ದವರನ್ನೂ ಕುರುಡು ಮಾಡುತ್ತದೆ ಅನ್ನುವ ವಿಮೋಚನಕಾಂಡ 23:8. ದೇವರು ಲಂಚ ತೆಗೆದುಕೊಳ್ಳುವವನಲ್ಲ ಅನ್ನುವ ಧರ್ಮೋಪದೇಶಕಾಂಡ 10:17. ಪ್ರವಾದಿ ಸಮುವೇಲನ ಮಕ್ಕಳು ಬೇರ್ಷೆಬ ಅನ್ನುವ ಊರಿನಲ್ಲಿ ನ್ಯಾಯ ಹೇಳುವ ಜಾಗದಲ್ಲಿ ಕೂತು ಲಂಚ ತಿಂದ ಕಥೆ. ದೇವಾಲಯದ ಬೆಳ್ಳಿ ಬಂಗಾರವನ್ನು ಬಳಿದು ಅಶ್ಶೂರದ ಅರಸನಿಗೆ ಕಳಿಸಿದ ಯೆಹೂದದ ಅರಸ ಆಹಾಜ; ಅದಕ್ಕೂ ಮೂಲದಲ್ಲಿ ಇದೇ ಪದ. ಜ್ಞಾನೋಕ್ತಿ 17:8 ನನ್ನನ್ನು ಬಹಳ ಕಾಡಿತು. ಲಂಚ ಕೊಡುವವನ ಕಣ್ಣಿಗೆ ಅದು ಮಾಯದ ಕಲ್ಲಿನ ಹಾಗೆ, ಹೋದಲ್ಲೆಲ್ಲ ಕೆಲಸ ಆಗುತ್ತದೆ ಅನ್ನುತ್ತದೆ. ಕಾನೂನಿನ ಪುಸ್ತಕಗಳ ಕಾರ್ಡಿಗೊಂದು ಬಣ್ಣ, ಪ್ರವಾದಿಗಳ ಪುಸ್ತಕಗಳಿಗೊಂದು, ಜ್ಞಾನೋಕ್ತಿಗೊಂದು. ಕಾರ್ಡುಗಳು ಅಚ್ಚುಕಟ್ಟಾಗಿ ಬಂದವು. ಗೈಡ್ ಮೆಚ್ಚಿಕೊಂಡರು.

ಅದೇ ಎರಡು ವರ್ಷ ನಾನು ನಮ್ಮ ಸಭೆಯ, ಅಂದರೆ ಚರ್ಚಿನ, ಕಟ್ಟಡ ನಿಧಿಗೆ ಕಾರ್ಯದರ್ಶಿಯಾಗಿದ್ದೆ. ಚೆಕ್ಕಿಗೆ ಎರಡು ಸಹಿ ಬೇಕು ಅಂತ ನಿಯಮ. ಒಂದು ಖಜಾಂಚಿಯವರದ್ದು, ಇನ್ನೊಂದು ನನ್ನದು. ಖಜಾಂಚಿ ಸಭೆಯ ಹಿರಿಯರು. ನಾನು ಚಿಕ್ಕವನಾಗಿದ್ದಾಗ ನನಗೆ ಕೀರ್ತನೆ ಬಾಯಿಪಾಠ ಮಾಡಿಸಿದವರು. ಪರೀಕ್ಷೆ, ಓದು ಅಂತ ನಾನು ಓಡಾಡುತ್ತಿದ್ದಾಗ ಅವರೇ ಚೆಕ್ ಪುಸ್ತಕ ಹಿಡಿದು ಬರುತ್ತಿದ್ದರು. ಹತ್ತು ಖಾಲಿ ಹಾಳೆಗಳಿಗೆ ಒಟ್ಟಿಗೇ ಸಹಿ ಹಾಕಿ ಕೊಡುತ್ತಿದ್ದೆ. ಒಂದು ಸಲ ಶೋಹದ್ ಕಾರ್ಡುಗಳನ್ನು ಪಕ್ಕಕ್ಕೆ ಸರಿಸಿ, ಅದೇ ಮೇಜಿನ ಮೇಲೆ, ಅದೇ ಪೆನ್ನಿನಲ್ಲಿ ಸಹಿ ಹಾಕಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ದುಡ್ಡು ಹೋಯಿತು. ಪೂರ್ತಿ ಅಲ್ಲ, ಆದರೆ ಚಾವಣಿ ಹಾಕಿಸಲು ಇಟ್ಟಿದ್ದ ಪಾಲು ಹೋಯಿತು. ಖಜಾಂಚಿಯವರು ಅದನ್ನು ತಮ್ಮ ವ್ಯಾಪಾರಕ್ಕೆ ತಿರುಗಿಸಿಕೊಂಡಿದ್ದರು. ವಾಪಸ್ ಇಡುವ ಮನಸ್ಸೂ ಇತ್ತಂತೆ.

ನನ್ನ ತಪ್ಪು ಎಲ್ಲಿತ್ತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನೀವು ಈಗ ನಿಂತಿರುವುದು ಸರಿಯಾಗಿ ಅಲ್ಲೇ. ಖಾಲಿ ಚೆಕ್ಕಿಗೆ ಸಹಿ ಹಾಕಿದ್ದು ತಪ್ಪು ಅಂತ ಯಾರಾದರೂ ಹೇಳುತ್ತಾರೆ. ನಾನು ಹೇಳುತ್ತಿರುವುದು ಅದಕ್ಕಿಂತ ಹಿಂದಿನ ತಪ್ಪು. ಭ್ರಷ್ಟಾಚಾರ ಅಂದರೆ ಶೋಹದ್, ಶೋಹದ್ ಅಂದರೆ ಒಬ್ಬ ಕೊಡುವವನು, ಒಬ್ಬ ತೆಗೆದುಕೊಳ್ಳುವವನು, ನಡುವೆ ಕೆಡುವ ಒಂದು ತೀರ್ಪು. ಈ ಚಿತ್ರ ಎರಡು ವರ್ಷದಲ್ಲಿ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಹಿರಿಯರ ವಿಷಯದಲ್ಲಿ ಯಾರೂ ಏನೂ ಕೊಟ್ಟಿರಲಿಲ್ಲ, ಯಾವ ತೀರ್ಪೂ ಕೆಟ್ಟಿರಲಿಲ್ಲ. ಹಾಗಾಗಿ ಕಣ್ಣೆದುರಿಗೆ ನಡೆದದ್ದು ನನ್ನ ಥೀಸಿಸ್ಸಿನ ವಿಷಯ ಅಂತ ನನಗೆ ಹೊಳೆಯಲೇ ಇಲ್ಲ. ಪದ ಹಿಡಿದು ಹುಡುಕುವವನಿಗೆ ಪದ ಇದ್ದ ಕಡೆ ಮಾತ್ರ ಪಾಪ ಕಾಣುತ್ತದೆ. ಅರಸ ಆಹಾಬನಿಗೆ ಬೇಕಾದ ತೋಟಕ್ಕಾಗಿ ಅದರ ಒಡೆಯನನ್ನು ಕೊಲ್ಲಿಸಿದ ನಾಬೋತನ ದ್ರಾಕ್ಷಿತೋಟದ ಕಥೆಯಲ್ಲಿ ಶೋಹದ್ ಇಲ್ಲ. ಅಲ್ಲಿರುವುದು ಅರಸನ ಮುದ್ರೆ ಒತ್ತಿದ ಪತ್ರ, ಇಬ್ಬರು ಸುಳ್ಳು ಸಾಕ್ಷಿಗಳು, ಸುಮ್ಮನೆ ಹೇಳಿದಂತೆ ಕೇಳಿದ ಊರ ಹಿರಿಯರು. ನನ್ನ ಕಾರ್ಡುಗಳಲ್ಲಿ ನಾಬೋತ ಇರಲಿಲ್ಲ.

2 ಅರಸುಗಳು 12ನೇ ಅಧ್ಯಾಯವೂ ಇರಲಿಲ್ಲ. ನನಗೆ ಇವತ್ತಿಗೂ ನೋವಾಗುವುದು ಇದಕ್ಕೇ. ಅದನ್ನು ಆ ದಿನಗಳಲ್ಲೇ ಓದಿದ್ದೆ. ಶೋಹದ್ ಇಲ್ಲ ಅಂತ ಬದಿಗಿಟ್ಟೆ. ಅಲ್ಲಿ ಯೆಹೂದದ ಅರಸ ಯೋವಾಷ ಯಾಜಕರಿಗೆ ಹೇಳುತ್ತಾನೆ: ಜನ ತರುವ ಹಣ ತೆಗೆದುಕೊಂಡು ದೇವಾಲಯ ರಿಪೇರಿ ಮಾಡಿಸಿ. ಅವನ ಆಳ್ವಿಕೆಯ 23ನೇ ವರ್ಷ ಬಂದರೂ ರಿಪೇರಿ ಆಗಿಲ್ಲ. ಕದ್ದರು ಅಂತ ಆ ಅಧ್ಯಾಯ ಎಲ್ಲೂ ಹೇಳುವುದಿಲ್ಲ. ಹಣ ಬಂತು, ಕೆಲಸ ಆಗಲಿಲ್ಲ, ಅಷ್ಟೇ. ಆಮೇಲೆ ಯಾಜಕ ಯೆಹೋಯಾದ ಒಂದು ಪೆಟ್ಟಿಗೆಯ ಮುಚ್ಚಳಕ್ಕೆ ತೂತು ಕೊರೆದು ಯಜ್ಞವೇದಿಯ ಪಕ್ಕ ಇಡುತ್ತಾನೆ. ಪೆಟ್ಟಿಗೆ ತುಂಬಿದಾಗ ಅರಸನ ಲೇಖಕ ಮತ್ತು ಮಹಾಯಾಜಕ, ಇಬ್ಬರೂ ಬಂದು ಎಣಿಸುತ್ತಾರೆ, ಚೀಲಕ್ಕೆ ಕಟ್ಟುತ್ತಾರೆ, ಬಡಗಿಗಳಿಗೂ ಕಲ್ಲುಕುಟಿಗರಿಗೂ ಹೋಗುವ ಹಾಗೆ ಕೆಲಸ ನೋಡಿಕೊಳ್ಳುವವರ ಕೈಗೆ ಕೊಡುತ್ತಾರೆ. ಮುಚ್ಚಿದ ಪೆಟ್ಟಿಗೆ, ಎಣಿಸುವ ಕೈ ಎರಡು. ನಮ್ಮ ನಿಧಿಯ ಎರಡನೇ ಕೈ ನಾನೇ ಆಗಿದ್ದೆ.

ವಿಷಯ ಹೊರಬಿದ್ದ ಮೇಲೆ ಸಭೆಯ ಮುಂದೆ ನಿಂತು ಲೆಕ್ಕ ಓದಬೇಕಾಯಿತು. ಮುಗಿದ ಮೇಲೆ ಮುಂದಿನ ಸಾಲಿನ ವಯಸ್ಸಾದ ಅಮ್ಮ ಒಬ್ಬರು ಕೇಳಿದ್ದು ಒಂದೇ ಮಾತು: "ನೀನು ಎಣಿಸ್ಲಿಲ್ವಾ ಮಗಾ?" ಅವರು ಕೈಬಳೆ ಮಾರಿ ಆ ನಿಧಿಗೆ ಕೊಟ್ಟಿದ್ದರು. ನಾನು ಇಲ್ಲ ಅಂದೆ.

ಆಮೇಲೆ ಇನ್ನೊಬ್ಬರು ಎದ್ದು, "ನನ್ನ ಅಭಿಷಿಕ್ತರನ್ನು ಮುಟ್ಟಬೇಡಿರಿ ಅಂತ ವಾಕ್ಯ ಇದೆ, ಹಿರಿಯರ ಬಗ್ಗೆ ಮಾತು ಬೇಡ" ಅಂದರು. ಎಲ್ಲರೂ ತಣ್ಣಗಾದರು. ಅವತ್ತು ನನ್ನ ಓದು ಮೊದಲ ಸಲ ಯಾರಿಗಾದರೂ ಉಪಯೋಗಕ್ಕೆ ಬಂತು. ಅದು ಕೀರ್ತನೆ 105:15. ನಾನು 12ನೇ ವಚನದಿಂದ ಓದಿದೆ. ಅಲ್ಲಿ ಅಭಿಷಿಕ್ತರು ಅಂದರೆ ಎಣಿಕೆಗೆ ಸಿಗುವಷ್ಟೇ ಜನ ಇದ್ದ ಪರದೇಶಿಗಳು, ಒಂದು ನಾಡಿನಿಂದ ಇನ್ನೊಂದಕ್ಕೆ ಅಲೆಯುತ್ತಿದ್ದವರು. ಮುಟ್ಟಬೇಡಿ ಅಂತ ಹೇಳಿಸಿಕೊಂಡವರು ಅರಸರು. ಇಲ್ಲದವರನ್ನು ಕಾಯಲು ಬಂದ ಮಾತನ್ನು ನಾವು ಖಜಾನೆ ಹಿಡಿದವರನ್ನು ಕಾಯಲು ಬಳಸುತ್ತಿದ್ದೆವು. ಅದಾದ ಮೇಲೆ ಲೆಕ್ಕಪುಸ್ತಕ ತರಿಸಿ ಅಂತ ಜನ ಕೇಳಿದರು. ಬೈಬಲ್ ಅಧ್ಯಯನ ಭ್ರಷ್ಟಾಚಾರಕ್ಕೆ ಏನು ಮಾಡಬಲ್ಲದು ಅಂದರೆ, ನನ್ನ ಪಾಲಿಗೆ ಉತ್ತರ ಅದು: ತಪ್ಪು ಮುಚ್ಚಲು ಹೊದಿಸಿದ ವಚನವನ್ನು ಅದರ ಜಾಗಕ್ಕೆ ವಾಪಸ್ ಇಡುವುದು. 1985ರಲ್ಲಿ ದಕ್ಷಿಣ ಆಫ್ರಿಕಾದ ಕ್ರೈಸ್ತ ದೇವತಾಶಾಸ್ತ್ರಜ್ಞರು ವರ್ಣಭೇದ ನೀತಿಯ ವಿರುದ್ಧ ಹೊರಡಿಸಿದ ಕೈರೋಸ್ ಹೇಳಿಕೆ ಮಾಡಿದ್ದೂ ಇದನ್ನೇ. ಸರ್ಕಾರಕ್ಕೆ ತಲೆಬಾಗಿ ಅಂತ ಜನರ ಬಾಯಿ ಮುಚ್ಚಿಸಲು ಬಳಸುತ್ತಿದ್ದ ರೋಮಾಪುರದವರಿಗೆ 13ನೇ ಅಧ್ಯಾಯವನ್ನು ಅದು ಸಂದರ್ಭಕ್ಕೆ ಇಟ್ಟು ಓದಿ ತೋರಿಸಿತು.

ಹಾಗಾಗಿ 'ಸಮಾಜದ ಭ್ರಷ್ಟಾಚಾರಕ್ಕೆ ಬೈಬಲಿನ ಉತ್ತರ' ಅನ್ನುವ ನಿಮ್ಮ ತಲೆಬರಹವನ್ನೇ ನಾನು ಒಪ್ಪುವುದಿಲ್ಲ. ಸಮಾಜ ಹೊರಗಿದೆ, ಉತ್ತರ ನಮ್ಮ ಕೈಯಲ್ಲಿದೆ ಅಂತ ಅದು ಮೊದಲೇ ತೀರ್ಮಾನ ಮಾಡಿಬಿಡುತ್ತದೆ. ಮೀಕ 3:11 ನೋಡಿ. ಲಂಚಕ್ಕೆ ತೀರ್ಪು ಕೊಡುವ ಮುಖಂಡರು, ಸಂಬಳಕ್ಕೆ ಬೋಧಿಸುವ ಯಾಜಕರು, ಹಣಕ್ಕೆ ಕಣಿ ಹೇಳುವ ಪ್ರವಾದಿಗಳು, ಮೂವರೂ ಒಂದೇ ಉಸಿರಿನಲ್ಲಿ. ಅಲ್ಲಿ ಬೋಧಿಸುವವನಿಗೆ ರಿಯಾಯಿತಿ ಇಲ್ಲ.

ಹಳೆಯ ಒಡಂಬಡಿಕೆಯೋ ಹೊಸದೋ ಅಂತಲೂ ಕೇಳಿದ್ದೀರಿ. ಆ ಪ್ರಶ್ನೆಗೆ ಜಾಸ್ತಿ ಹೊತ್ತು ಕೊಡಬೇಡಿ. ಯೆರೂಸಲೇಮಿನ ಬಡವರಿಗೆ ಹಣ ಕೂಡಿಸಿದಾಗ ಅಪೊಸ್ತಲ ಪೌಲ ತನ್ನ ಜೊತೆಗಾರ ತೀತನ ಜೊತೆ ಸಭೆಗಳೇ ಆರಿಸಿದ ಇನ್ನೊಬ್ಬನನ್ನು ಕಳಿಸುತ್ತಾನೆ. ಯಾರೂ ಬೊಟ್ಟು ಮಾಡಬಾರದು, ದೇವರ ಮುಂದೆ ಮಾತ್ರ ಅಲ್ಲ, ಮನುಷ್ಯರ ಮುಂದೆಯೂ ಸರಿ ಇರಬೇಕು ಅಂತ 2 ಕೊರಿಂಥ 8ರಲ್ಲಿ ಕಾರಣ ಕೊಡುತ್ತಾನೆ. ಯೋವಾಷನ ಪೆಟ್ಟಿಗೆಯ ಬುದ್ಧಿಯೇ ಇದು, ಅಲ್ವಾ?

ಪದ ಬಿಡಿ, ಒಂದು ಕಥೆ ಹಿಡಿಯಿರಿ. ನನ್ನನ್ನು ಕೇಳಿದರೆ ಪೆಟ್ಟಿಗೆಯ ಕಥೆಯನ್ನೇ ಹಿಡಿಯಿರಿ, ಅದು ಎರಡು ಕಡೆ ಇದೆ. 2 ಅರಸುಗಳಲ್ಲಿ ಕೆಲಸ ಮಾಡದವರು ಯಾಜಕರು. 2 ಪೂರ್ವಕಾಲವೃತ್ತಾಂತ 24ರಲ್ಲಿ ತಡ ಮಾಡಿದವರು ಲೇವಿಯರು, ಅಂದರೆ ಯಾಜಕರ ಕೈಕೆಳಗೆ ದೇವಾಲಯದ ಕೆಲಸ ಮಾಡುತ್ತಿದ್ದವರು. ಅಲ್ಲಿ ಪೆಟ್ಟಿಗೆ ವೇದಿಯ ಪಕ್ಕದಿಂದ ಹೊರಬಾಗಿಲಿಗೆ ಬಂದಿದೆ. ತಪ್ಪು ಯಾರ ತಲೆಯ ಮೇಲೆ, ಪೆಟ್ಟಿಗೆ ಯಾರ ಕಣ್ಣೆದುರು, ಎರಡೂ ಬದಲಾಗಿವೆ. ನಮ್ಮಲ್ಲೂ ಹಾಗೇ: ಸಮಿತಿಯ ನಡಾವಳಿ ಪುಸ್ತಕದಲ್ಲಿ ಮೊದಲು ಬರೆದದ್ದು "ಲೆಕ್ಕ ಬರೆಯುವ ಹುಡುಗನ ವಿಳಂಬದಿಂದ" ಅಂತ. ಆ ಹುಡುಗನಿಗೆ ಚೆಕ್ ಪುಸ್ತಕ ಮುಟ್ಟುವ ಅಧಿಕಾರವೂ ಇರಲಿಲ್ಲ. ಆ ಸಾಲು ಹೊಡೆದುಹಾಕಿಸಿ, ನನ್ನ ಮತ್ತು ಖಜಾಂಚಿಯವರ ಹೆಸರು ಬರೆಸಲು ಮೂರು ಮೀಟಿಂಗ್ ಹಿಡಿಯಿತು.

ಎರಡು ಅಧ್ಯಾಯಗಳನ್ನೂ ಅಕ್ಕಪಕ್ಕ ಎರಡು ಕಾಲಮ್ಮಿನಲ್ಲಿ ಕೈಯಾರೆ ಬರೆದುಕೊಳ್ಳಿ. ವ್ಯತ್ಯಾಸ ಇದ್ದಲ್ಲೆಲ್ಲ ಗೆರೆ ಎಳೆಯಿರಿ. ಆಮೇಲೆ ಅದನ್ನು ನಿಮ್ಮ ಗೈಡ್‌ಗೆ ತೋರಿಸುವ ಮೊದಲು, ಕಾಣಿಕೆ ಹಾಕುವ ಯಾರಿಗಾದರೂ ಓದಿ ಹೇಳಿ. ಅವರು ಮೊದಲು ಏನು ಕೇಳುತ್ತಾರೋ, ಥೀಸಿಸ್ಸಿನ ಮೊದಲ ಅಧ್ಯಾಯವನ್ನು ಅಲ್ಲಿಂದ ಶುರು ಮಾಡಿ.