ಲಿಸ್ಟಿನಲ್ಲಿ 210ನೆಯವರು

(ಗುರುತು ಸಿಗದಂತೆ ವಯಸ್ಸು, ಊರು, ಕಂಪನಿಯ ವಿವರಗಳನ್ನೂ ಅಂಕಿಗಳನ್ನೂ ಬದಲಿಸಿದೆ.)

ಕಲಬುರಗಿಗೆ ರಜೆಗೆ ಬಂದಿದ್ದ 33ರ ಫಸ್ಟ್ ಆಫೀಸರ್ (ಕೋ-ಪೈಲಟ್) ಒಬ್ಬರು ಅಣ್ಣನ ಜೊತೆ ನಮ್ಮಲ್ಲಿಗೆ ಸಲಹೆಗೆ ಬಂದು ಕೂತರು. ತಮ್ಮನ ಪೈಲಟ್ ತರಬೇತಿಗಾಗಿ ಅಣ್ಣ ನಾಲ್ಕು ಎಕರೆ ತೊಗರಿ ಹೊಲ ಮಾರಿದ್ದರು. ಈಗ ತಮ್ಮ ದುಡಿಯುವ ಸಣ್ಣ ಏರ್‌ಲೈನ್ ದೊಡ್ಡದೊಂದರಲ್ಲಿ ವಿಲೀನವಾಗುವ ಮಾತು ನಡೆದಿದೆ.

"ನಿದ್ದಿ ಹತ್ತವಲ್ದ್ರಿ ಮೇಡಂ. ಕಣ್ಣ ಮುಚ್ಚಿದ್ರ ನಂಬರ್ ಕಾಣ್ತದ," ಎಂದರು ತಮ್ಮ.

"ನೌಕ್ರಿ ಹೋಗಿಲ್ಲ, ಪಗಾರ ನಿಂತಿಲ್ಲ. ಮತ್ ಯಾಕ ಹಿಂಗ ಮಾಡ್ಲತ್ತಾನ ತಿಳೀವಲ್ದ್ರಿ," ಎಂದರು ಅಣ್ಣ.

ಅಣ್ಣನಿಗೆ ತಿಳಿಯದಿದ್ದುದು ಆ ನಂಬರಿನ ಮಾತು. ಪೈಲಟ್‌ಗಳಲ್ಲಿ ಸೀನಿಯಾರಿಟಿ ನಂಬರೇ ಕ್ಯಾಪ್ಟನ್ ಆಗುವ ಸರದಿ, ದೊಡ್ಡ ವಿಮಾನ, ಬೇಕಾದ ಬೇಸ್ (ಕೆಲಸದ ಊರು), ಹಬ್ಬದ ರಜೆ ಎಲ್ಲವನ್ನೂ ನಿರ್ಧರಿಸುತ್ತದೆ. ಎರಡು ಕಂಪನಿಯ ಲಿಸ್ಟ್ ಒಂದಾಗುವಾಗ ಯಾವ ಅಳತೆಗೋಲು ಹಿಡಿಯುತ್ತಾರೆ ಎಂಬುದರ ಮೇಲೆ ಆ ನಂಬರ್ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಇದನ್ನು ಬಿಟ್ಟು ಬರೀ ಧೈರ್ಯ ಹೇಳಿ ಕಳಿಸಿದ್ದರೆ ಅವರಿಗೆ ಏನೂ ಕೊಟ್ಟಂತಾಗುತ್ತಿರಲಿಲ್ಲ. ಹಾಗಾಗಿ ನೋಟ್‌ಬುಕ್ ತೆಗೆಸಿ, ಅಣ್ಣನ ಎದುರೇ ಲೆಕ್ಕ ಬರೆಸಿದೆವು.

ಇವರ ಕಂಪನಿಯಲ್ಲಿ 300 ಪೈಲಟ್‌ಗಳು, ಆ ಕಡೆ 1,200. ಇವರು 210ನೆಯವರು. ಅರ್ಧ ಜನ ಕ್ಯಾಪ್ಟನ್ ಎಂದು ಹಿಡಿದರೆ, ಈಗ ಕ್ಯಾಪ್ಟನ್ ಸೀಟಿಗೆ ಇವರಿಗಿಂತ ಮುಂದೆ ಸುಮಾರು 60 ಜನ. ವರ್ಷಕ್ಕೆ 12 ಜನ ಮುಂದೆ ಸರಿದರೆ ಐದು ವರ್ಷ. ಅನುಪಾತದ ಪ್ರಕಾರ ಆ ಕಡೆಯ ನಾಲ್ವರಿಗೆ ಈ ಕಡೆಯ ಒಬ್ಬರಂತೆ ಹೆಣೆದರೆ ಇವರು 1,500ರಲ್ಲಿ 1,050ನೆಯವರು. 750 ಕ್ಯಾಪ್ಟನ್ ಸೀಟು, ವರ್ಷಕ್ಕೆ 60 ಜನ ಸರಿದರೆ ಅದೇ ಐದು ವರ್ಷ. ಕೆಲಸಕ್ಕೆ ಸೇರಿದ ತಾರೀಖು ಹಿಡಿದರೆ ಲೆಕ್ಕ ಬೇರೆ. ಆ ಕಡೆ ಇವರಿಗಿಂತ ಮೊದಲು ಸೇರಿದವರು ಸುಮಾರು 1,100, ಈ ಕಡೆ 209. ಆಗ ಇವರು 1,310ನೆಯವರು; ಒಂಬತ್ತು ವರ್ಷದ ಮೇಲೆ.

ಅಣ್ಣ ಆ ಹಾಳೆಯನ್ನು ಎತ್ತಿ ಎರಡು ಸಲ ನೋಡಿದರು. "ನಾಕ್ ವರ್ಷ ಹಿಂದ ಬಿದ್ದಂಗ ಆತಲ್ಲಪಾ," ಎಂದರು. ತಮ್ಮನ ಸಂಕಟವನ್ನು ಅವರು ಮೊದಲ ಸಲ ತಾವೇ ಬಾಯಿಬಿಟ್ಟು ಹೇಳಿದ್ದು ಅದೇ.

ಆ ಕಡೆಯವರ ಮಾತೂ ಸುಳ್ಳಲ್ಲ ಎಂಬುದನ್ನೂ ಹೇಳಬೇಕಾಯಿತು. ಅಲ್ಲಿ ಹನ್ನೊಂದು ವರ್ಷ ಕಾದವರಿಗೆ, ಏಳೇ ವರ್ಷ ಹಾರಿಸಿದ ಇವರು ಅನುಪಾತದ ಲೆಕ್ಕದಲ್ಲಿ ತಮ್ಮ ಮುಂದೆ ಬಂದು ನಿಲ್ಲುವುದು ಅನ್ಯಾಯವೇ. ಇಬ್ಬರೂ ಪ್ರಾಮಾಣಿಕರು, ಅದಕ್ಕೇ ಈ ಜಗಳ ಬೇಗ ಮುಗಿಯುವುದಿಲ್ಲ. ಅಮೆರಿಕದಲ್ಲಿ ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ 2005ರಲ್ಲಿ ಒಂದಾದವು. 2007ರಲ್ಲಿ ಮಧ್ಯಸ್ಥಗಾರರು ಸೀನಿಯಾರಿಟಿ ತೀರ್ಪು ಕೊಟ್ಟರು; ಒಂದು ಕಡೆಯವರು ಅದನ್ನು ಒಪ್ಪದೆ 2008ರಲ್ಲಿ ಯೂನಿಯನ್ನನ್ನೇ ಬದಲಿಸಿದರು, ಜಗಳ ವರ್ಷಗಟ್ಟಲೆ ಕೋರ್ಟ್ ಹತ್ತಿತು. ನಮ್ಮಲ್ಲಿ ಏರ್ ಇಂಡಿಯಾ, ಇಂಡಿಯನ್ ಏರ್‌ಲೈನ್ಸ್ 2007ರಲ್ಲಿ ಒಂದಾದವು. ಐದು ವರ್ಷದ ನಂತರ, 2012ರ ಮೇ ತಿಂಗಳಲ್ಲಿ, ಡ್ರೀಮ್‌ಲೈನರ್ ಎಂಬ ಹೊಸ ವಿಮಾನದ ತರಬೇತಿ ಯಾರಿಗೆ ಎಂಬ ಪ್ರಶ್ನೆಗೆ ಪೈಲಟ್‌ಗಳು ಸಿಕ್ (ಕಾಯಿಲೆ) ಎಂದು ಹೇಳಿ ಮನೆಯಲ್ಲಿ ಕೂತರು. ಮುಷ್ಕರ 58 ದಿನ ನಡೆಯಿತು, ಎಷ್ಟೋ ಜನರ ಕೆಲಸ ಹೋಯಿತು, ಅವರ ಯೂನಿಯನ್ ಮಾನ್ಯತೆ ಕಳೆದುಕೊಂಡಿತು.

ಇದನ್ನು ಎತ್ತಿದ್ದಕ್ಕೆ ಕಾರಣವಿತ್ತು. ಇವರ ವಾಟ್ಸಾಪ್ ಗುಂಪಿನಲ್ಲಿ "ಶುಕ್ರವಾರ ಎಲ್ಲರೂ ಸಿಕ್" ಎಂಬ ಮೆಸೇಜ್ ಬಂದಿತ್ತು. "ಹಾಕ್ಲ್ಯೋ ಬ್ಯಾಡೋ ಹೇಳ್ರಿ" ಎಂದು ಕೇಳುತ್ತಲೇ ಅವರು ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ಆಲ್‌ಪ್ರಜೋಲಮ್, ಆತಂಕ ತಗ್ಗಿಸುವ ಮಾತ್ರೆ, ಮೆಡಿಕಲ್ ಶಾಪಿನಲ್ಲಿ ಗೆಳೆಯ ತಂದುಕೊಟ್ಟದ್ದು. ಒಂಬತ್ತು ರಾತ್ರಿ ಅರ್ಧರ್ಧ ನುಂಗಿದ್ದರು.

ಅಲ್ಲಿಗೆ ಉಳಿದ ಮಾತೆಲ್ಲ ಹಿಂದೆ ಸರಿಯಿತು. ಈ ಮಾತ್ರೆ ಮಂಪರು ತರಿಸುವ ಬೆಂಜೊಡಯಜಪೀನ್ ಗುಂಪಿನದು. ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮದಂತೆ ನಡೆಯುವ ಅಮಲು ಪದಾರ್ಥದ ಪರೀಕ್ಷೆಯ ಪಟ್ಟಿಯಲ್ಲಿದೆ. ಪರೀಕ್ಷೆಯ ಮಾತು ಬಿಟ್ಟರೂ, ಮರುದಿನದ ಮಂಪರು ಕಾಕ್‌ಪಿಟ್‌ನಲ್ಲಿ ಪ್ರಾಣಕ್ಕೆ ಕುತ್ತು. ನಾವು ಹೇಳಿದ್ದು ಇಷ್ಟು: ಇವತ್ತಿನಿಂದ ಹಾರಾಟ ಬೇಡ. ಮಾತ್ರೆಯನ್ನು ತಾವೇ ಮುಂದುವರಿಸುವುದೂ ಬೇಡ, ತಾವೇ ಏಕಾಏಕಿ ನಿಲ್ಲಿಸುವುದೂ ಬೇಡ. ಮನೋವೈದ್ಯರನ್ನು ನಾಳೆಯೇ ನೋಡಿ, ನುಂಗಿದ ಲೆಕ್ಕ ಹೇಳಿ. ಡಿಜಿಸಿಎ ಮಾನ್ಯತೆಯ ವೈದ್ಯರಿಗೂ ಅದನ್ನು ಮುಚ್ಚಿಡಬೇಡಿ. "ಲೈಸೆನ್ಸ್ ಹೋದ್ರ ಹ್ಯಾಂಗ್ರಿ?" ಎಂದು ಅಣ್ಣ ಹೆದರಿದರು. ಕೆಲ ಕಾಲ ಹಾರಾಟಕ್ಕೆ ಅನ್‌ಫಿಟ್ ಆಗುವುದು ಬೇರೆ, ಲೈಸೆನ್ಸ್ ಹೋಗುವುದು ಬೇರೆ. ಪೈಲಟ್‌ಗಳಿಗೆ ಪೈಲಟ್‌ಗಳೇ ಆಸರೆಯಾಗುವ ಪಿಯರ್ ಸಪೋರ್ಟ್ ವ್ಯವಸ್ಥೆ ಇರಬೇಕೆಂದು ಡಿಜಿಸಿಎ 2023ರಲ್ಲೇ ಹೇಳಿದೆ; ಆ ನಂಬರ್ ಹುಡುಕಿಸಿದೆವು.

ಸಿಕ್ ಪ್ರಶ್ನೆಗೆ ಉತ್ತರವೂ ಇಲ್ಲೇ ಸಿಕ್ಕಿತು. ಇವರು ನಿಜವಾಗಿಯೂ ಅನ್‌ಫಿಟ್. ಅದನ್ನು ಶುಕ್ರವಾರದವರೆಗೆ ಕಾಯಿಸಿ ಗುಂಪಿನ ಜೊತೆ ಹಾಕಿದರೆ, ನಿಜವಾದ ಕಾಯಿಲೆ ಮುಷ್ಕರದ ಕಾಗದವಾಗುತ್ತದೆ. ಕಂಪನಿ ನಂಬುವುದಿಲ್ಲ, ಮುಂದೆ ದಣಿವಿನ ಫಟೀಗ್ ರಿಪೋರ್ಟ್ ಬರೆದರೂ ಅದೇ ಅನುಮಾನ ಬರುತ್ತದೆ. ಇವತ್ತೇ, ವೈದ್ಯರ ಚೀಟಿಯೊಂದಿಗೆ, ಒಬ್ಬರೇ ಹೇಳಬೇಕು. ಹೋರಾಟ ಬೇಕೆಂದರೆ ಅದಕ್ಕೆ ದಾರಿ ಬೇರೆ ಇದೆ: ಯೂನಿಯನ್ ನೋಟಿಸ್ ಕೊಡಲಿ, ಕೊಟ್ಟು 14 ದಿನ ಕಳೆಯುವ ಮುನ್ನ ಕಾನೂನಿನ ಪ್ರಕಾರ ಮುಷ್ಕರ ಹೂಡುವಂತಿಲ್ಲ.

ಮ್ಯಾನೇಜ್‌ಮೆಂಟ್ ಬಾಯಿ ಬಿಡುತ್ತಿಲ್ಲ ಎಂಬ ಸಿಟ್ಟು ಬಹಳ ಇತ್ತು. ಆ ಮೌನದಲ್ಲಿ ಅರ್ಧ ಕಾನೂನಿನಿಂದ ಬಂದದ್ದು. ಸ್ಪರ್ಧಾ ಆಯೋಗದ ಒಪ್ಪಿಗೆ ಸಿಗುವವರೆಗೆ ಎರಡೂ ಕಂಪನಿ ಬೇರೆಬೇರೆಯಾಗಿಯೇ ನಡೆಯಬೇಕು. ಸಂಬಳದ ಪಟ್ಟಿ ಹಂಚಿಕೊಂಡರೂ ತೊಂದರೆ. ಆಮೇಲೆ ಕಂಪನಿ ನ್ಯಾಯಮಂಡಳಿಯ ಒಪ್ಪಿಗೆಯೂ ಬೇಕು. ಏರ್ ಇಂಡಿಯಾ ಜೊತೆ ವಿಸ್ತಾರದ ವಿಲೀನ 2022ರ ನವೆಂಬರಿನಲ್ಲಿ ಘೋಷಣೆಯಾಗಿ, ಮುಗಿದದ್ದು 2024ರ ನವೆಂಬರ್ 12ಕ್ಕೆ. ಎರಡು ವರ್ಷ ನಿದ್ದೆ ಕೆಟ್ಟು ಕಾಯಲಾಗದು. ಆದರೆ ಹೊಸ ಕರಾರಿಗೆ ಸಹಿ ಹಾಕಲು ಹದಿನೈದೇ ದಿನ ಕೊಟ್ಟು ಮುಚ್ಚಿದ ಲಿಸ್ಟಿಗೆ ಒಪ್ಪಿಗೆ ಕೇಳುವುದಕ್ಕೆ ಕಾನೂನಿನ ನೆಪ ಇಲ್ಲ. ಅದು ತಪ್ಪು ಎಂದೇ ನಮ್ಮ ಅಭಿಪ್ರಾಯ.

ಆ ಕರಾರನ್ನು ಯೂನಿಯನ್ ವಕೀಲರಿಗೆ ತೋರಿಸದೆ ಸಹಿ ಬೇಡ ಎಂದೆವು. ಖಾತರಿ ಗಂಟೆ, ಅಂದರೆ ಹಾರಿಸದಿದ್ದರೂ ತಿಂಗಳಿಗೆ ಸಂಬಳ ಸಿಗುವ ಗಂಟೆ, 70ರಿಂದ 50ಕ್ಕೆ ಇಳಿದಿತ್ತು. ತಿಂಗಳಿಗೆ 75 ಗಂಟೆ ಹಾರಿಸುವವರೆಗೆ ಇದು ಕಣ್ಣಿಗೆ ಬೀಳುವುದಿಲ್ಲ. ವಿಲೀನದ ಹೊತ್ತಿನಲ್ಲಿ ಹೊಸ ಕಂಪನಿಯ ಕೋರ್ಸ್, ಸಿಮ್ಯುಲೇಟರ್ ಎಂದು ಹಾರಾಟ ಕಡಿಮೆಯಾಗುತ್ತದೆ. ಕಂತು ಕಟ್ಟುವವರಿಗೆ ಪೆಟ್ಟು ಬೀಳುವುದು ಆಗ. ಸಿಮ್ಯುಲೇಟರ್, ಕರೆಗಾಗಿ ಕಾಯುವ ಸ್ಟ್ಯಾಂಡ್‌ಬೈ, ಪ್ರಯಾಣಿಕರಾಗಿ ಹೋಗುವ ಡೆಡ್‌ಹೆಡ್ ಗಂಟೆ ಲೆಕ್ಕಕ್ಕೆ ಬರುತ್ತವೆಯೇ, ತರಬೇತಿ ಬಾಂಡ್ ಹೊಸದಾಗಿ ಶುರುವಾಗುತ್ತದೆಯೇ, ಲೈಸೆನ್ಸ್ ಕಳೆದುಕೊಂಡರೆ ಸಿಗುವ ವಿಮೆ ಮುಂದುವರಿಯುತ್ತದೆಯೇ, ಗ್ರಾಚ್ಯುಯಿಟಿಗೆ ಹಳೆಯ ಏಳು ವರ್ಷ ಸೇರುತ್ತದೆಯೇ ಎಂದು ಬರೆದು ಕೇಳಬೇಕು. ಸಿಟ್ಟಿನಲ್ಲಿ ರಾಜೀನಾಮೆ ಬೇಡ. 2017ರ ಡಿಜಿಸಿಎ ನಿಯಮದಲ್ಲಿ ಕೋ-ಪೈಲಟ್‌ಗೆ ಆರು ತಿಂಗಳ ನೋಟಿಸ್ ಇದೆ.

ನಿದ್ದೆಗೆ ಸಣ್ಣ ಕ್ರಮ: ರಾತ್ರಿ ಒಂಬತ್ತಕ್ಕೆ ಗುಂಪು ಮ್ಯೂಟ್, ಫೋನ್ ಪಡಸಾಲೆಯಲ್ಲಿ. ಇಪ್ಪತ್ತು ನಿಮಿಷ ನಿದ್ದೆ ಬರದಿದ್ದರೆ ಎದ್ದು ಕೂಡುವುದು. ರಜೆಯಲ್ಲಿರುವಷ್ಟು ದಿನ ಬೆಳಿಗ್ಗೆ ಏಳುವ ಹೊತ್ತು ಒಂದೇ.

ಅಣ್ಣನನ್ನು ಬೇರೆ ಕೂಡಿಸಿ ಒಂದೇ ಮಾತು ಕೇಳಿಕೊಂಡೆವು: ನಾಲ್ಕು ಎಕರೆಯ ಮಾತು ಸದ್ಯ ಎತ್ತಬೇಡಿ. "ನಾ ಹಂಗ್ ಅಂದ್ರ ಅವಗ ಲೆಕ್ಕ ಕೇಳ್ದಂಗ ಆಗ್ತದೇನ್ರಿ?" ಎಂದು ಅವರು ಬಹಳ ಹೊತ್ತು ಸುಮ್ಮನೆ ಕೂತರು.

ಮೂರು ವಾರದ ನಂತರ ಬಂದಾಗ ತಮ್ಮ ಇನ್ನೂ ಅನ್‌ಫಿಟ್ ಪಟ್ಟಿಯಲ್ಲೇ ಇದ್ದರು. ಮಾತ್ರೆ ವೈದ್ಯರ ಹತೋಟಿಯಲ್ಲಿ ನಿಂತಿತ್ತು, ರಾತ್ರಿ ಐದೂವರೆ ಗಂಟೆ ನಿದ್ದೆ. ನೋಟ್‌ಬುಕ್ಕಿನ ಆ ಹಾಳೆಯನ್ನು ಯೂನಿಯನ್ನಿನ ಸೀನಿಯಾರಿಟಿ ಸಮಿತಿಗೆ ಕಳಿಸಿದ್ದರು, ಕೆಳಗೆ ಎರಡು ಪ್ರಶ್ನೆ: ಯಾವ ಅಳತೆ ಹಿಡಿಯುತ್ತೀರಿ, ಒಪ್ಪದಿದ್ದರೆ ಮಧ್ಯಸ್ಥಗಾರರು ಯಾರು? ಉತ್ತರ ಬಂದಿರಲಿಲ್ಲ. ಮುಂದಿನ ಭೇಟಿ ತೊಗರಿ ರಾಶಿ ಮುಗಿದ ಮೇಲೆ. ಅಣ್ಣನೂ ಬರುತ್ತೇನೆ ಅಂದಿದ್ದಾರೆ.