ಗೆಳೆಯ ಬರ್ತಿದ್ದಾನೆ, ಪದ್ಯಗಳ ಸಮೇತ

ಪ್ರಶ್ನೆ: ನಾವು ಮೆಲ್ಬರ್ನ್‌ನಲ್ಲಿದ್ದೇವೆ. ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ತುಂಬ ನೆರವಾದ ಆಸ್ಟ್ರೇಲಿಯಾದ ಗೆಳೆಯನೊಬ್ಬ ಇದ್ದಾನೆ. ಈಗ ರಿಟೈರ್ ಆಗಿ ಊರೂರು ತಿರುಗಿ 'ಬುಷ್ ಪೊಯೆಟ್ರಿ', ಅಂದ್ರೆ ಇಲ್ಲಿನ ಹಳ್ಳಿಗಾಡಿನ ಪದ್ಯ, ಹೇಳ್ತಾನೆ. ಮುಂದಿನ ತಿಂಗಳು ಒಂದು ವಾರ ನಮ್ಮ ಮನೆಯಲ್ಲಿ ಇರ್ತಾನೆ. ಆಗಲೇ ಮೈಸೂರಿನಿಂದ ಅತ್ತೆ ಮಾವನೂ ಬಂದಿರ್ತಾರೆ. ಕಳೆದ ಸಲ ಊಟದ ನಡುವೆ ಎದ್ದು ನಿಂತು, ಕುರಿ ಉಣ್ಣೆ ಕತ್ತರಿಸುವವರ ಮೇಲೆ ಉದ್ದನೆಯ ಪದ್ಯ ಶುರು ಮಾಡಿದ. ನಮ್ಮ ಕನ್ನಡದ ಗೆಳೆಯರೆಲ್ಲ ಮೊಬೈಲ್ ನೋಡ್ತಾ ಕೂತರು. 'ಈ ಸಲ ಪದ್ಯ ಬೇಡ ಅಂತ ಹೇಳಿಬಿಡಿ' ಅಂತಾಳೆ ಹೆಂಡತಿ. ಹೇಳಿದರೆ ಅವನಿಗೆ ಬೇಜಾರಾಗಲ್ವಾ?

ಉತ್ತರ: ಖಂಡಿತ ಆಗುತ್ತದೆ. ಆದರೆ ನಿಮ್ಮ ಪತ್ರದಲ್ಲಿ ಒಂದು ಮಾತು ಇಲ್ಲವೇ ಇಲ್ಲ. ಆ ಪದ್ಯ ನಿಮಗೆ ಹಿಡಿಸಿತೋ ಇಲ್ಲವೋ? ಗೆಳೆಯರು ಏನು ಮಾಡಿದರು, ಹೆಂಡತಿ ಏನಂದರು, ಅಷ್ಟೇ ಇದೆ. ನಿಮಗೆ ಕಾಡಿದ್ದು ಪದ್ಯವಲ್ಲ, ನಾಲ್ಕು ಜನರ ಮುಂದೆ ಆದ ಮುಜುಗರ ಅಂತ ನನಗನ್ನಿಸುತ್ತದೆ.

ನಿಮ್ಮ ಆಸ್ಟ್ರೇಲಿಯಾದ ಗೆಳೆಯರು ಸುಮ್ನೆ ತೋಚಿದ್ದು ಹಾಡುತ್ತಿಲ್ಲ. ಬುಷ್ ಪೊಯೆಟ್ರಿಯಲ್ಲಿ ಪ್ರಾಸ, ಲಯ ಎರಡೂ ತಪ್ಪುವಂತಿಲ್ಲ. ಚೆನ್ನಾಗಿ ಹೇಳುವವರು ಪುಸ್ತಕ ಹಿಡಿಯುವುದಿಲ್ಲ. ದನ ಹೊಡೆದುಕೊಂಡು ಹೋಗುವವರು, ಉಣ್ಣೆ ಕತ್ತರಿಸುವವರು, ಬರ, ನೆರೆ, ಇವೇ ಅದರ ವಸ್ತು. ಈ ಬಗೆಯ ಪದ್ಯಗಳಿಂದಲೇ ಹೆಸರಾದ ಬ್ಯಾಂಜೊ ಪ್ಯಾಟರ್ಸನ್ ನಿಮ್ಮ ಜೇಬಿನ 10 ಡಾಲರ್ ನೋಟಿನ ಮೇಲಿದ್ದಾರೆ. 1892ರಲ್ಲಿ ಸಿಡ್ನಿಯ 'ಬುಲೆಟಿನ್' ಪತ್ರಿಕೆಯಲ್ಲಿ ಅವರಿಗೂ ಇನ್ನೊಬ್ಬ ಕವಿ ಹೆನ್ರಿ ಲಾಸನ್‌ಗೂ ಪದ್ಯದಲ್ಲೇ ಜಗಳ ನಡೆಯಿತು. ಹಳ್ಳಿಗಾಡು ಅಷ್ಟೇನೂ ಚಂದವಿಲ್ಲ, ಬರೀ ಧೂಳು, ಬಿಸಿಲು ಅಂತ ಲಾಸನ್. ಇಲ್ಲ, ಅಲ್ಲೇ ಸೊಗಸು ಅಂತ ಪ್ಯಾಟರ್ಸನ್. ಆಗ ಪ್ಯಾಟರ್ಸನ್ ಸಿಡ್ನಿಯಲ್ಲಿ ವಕೀಲರು! ಪೇಟೆಯಲ್ಲಿ ಕೂತು ಊರು ಹೊಗಳುವ ಈ ಚಾಳಿ ನಮಗೂ ಗೊತ್ತಿರುವುದೇ, ಅಲ್ವಾ?

ಆದರೆ ನಿಮ್ಮ ಹೆಂಡತಿ ಹೇಳುವುದರಲ್ಲೂ ನ್ಯಾಯವಿದೆ. ಮನೆತುಂಬ ಜನ, ಬಡಿಸಿದ ಅನ್ನ ಆರುತ್ತಿದೆ, ಎದ್ದು ಹೋಗುವಂತೆಯೂ ಇಲ್ಲ. ಮೊದಲು ಅವರ ಜೊತೆ ಕೂತು ಮಾತಾಡಿ. ಒಂದೇ ಒಂದು ಸಂಜೆ, ಊಟಕ್ಕೆ ಮೊದಲು, ಅರ್ಧ ಗಂಟೆ. ಅವರು ಹೂಂ ಅಂದಮೇಲೆ ಗೆಳೆಯರಿಗೆ ಹೇಳಿ: 'ಶನಿವಾರ ಸಂಜೆ ನಿನ್ನದು, ಊಟದ ಹೊತ್ತಲ್ಲಿ ಮಾತ್ರ ಬೇಡ.' ವೇದಿಕೆ ಹತ್ತಿ ರೂಢಿಯಿರುವವರಿಗೆ ಸಮಯ ಕಟ್ಟಿಕೊಡುವುದು ಅವಮಾನವಲ್ಲ. ಯಾರೂ ಕೇಳದ ಕಡೆ ಹೇಳುವುದೇ ಅವರಿಗೆ ಜಾಸ್ತಿ ಕಷ್ಟ. ಆ ಸಂಜೆಗೆ ಮೊಬೈಲ್ ಮಂದಿಯನ್ನು ಕರೆಯಬೇಡಿ, ಅವರಿಗೆ ಭಾನುವಾರದ ಊಟ ಸಾಕು.

ಅತ್ತೆ ಮಾವನ ಚಿಂತೆ ಬಿಡಿ. ಮೈಸೂರಿನವರು, ಗಮಕ ಕೇಳಿಯೇ ಇರುತ್ತಾರೆ. ಒಬ್ಬರು ಕುಮಾರವ್ಯಾಸನ ಪದ್ಯ ವಾಚಿಸುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ನೀವು ಆ ಎರಡನೆಯವರಾಗಿ. ಪದ್ಯ ಶುರುವಾಗುವ ಮೊದಲು ಕಥೆಯನ್ನು ಕನ್ನಡದಲ್ಲಿ ಹೇಳಿಬಿಡಿ, ಲಯವನ್ನು ಅವರೇ ಹಿಡಿಯುತ್ತಾರೆ. ಹೋದ ಸಲ ಯಾರಿಗೂ ಕಥೆಯೇ ತಿಳಿದಿರಲಿಲ್ಲ, ಇನ್ನೆಲ್ಲಿ ಕೂತು ಕೇಳುತ್ತಾರೆ!

ಇನ್ನೊಂದು ವಿಷಯ. ಹಳೆಯ ಪದ್ಯಗಳಲ್ಲಿ ಕೆಲವು ಮೂಲನಿವಾಸಿಗಳನ್ನೂ ಚೀನೀಯರನ್ನೂ ಹೀನಾಯವಾಗಿ ಆಡಿಕೊಳ್ಳುತ್ತವೆ. ನಗೆಪದ್ಯಗಳಲ್ಲಿ ಪೋಲಿ ಮಾತೂ ಬರುವುದುಂಟು. ಯಾವುದು ಹೇಳುತ್ತೀರಿ ಅಂತ ಮುಂಚೆಯೇ ಕೇಳಿ. ಕಥೆ ಹೇಳಲು ನಿಮಗೂ ಅದು ಬೇಕಲ್ಲ. ಇದನ್ನೆಲ್ಲ ಮೆಸೇಜಿನಲ್ಲಿ ಬರೆಯಬೇಡಿ, ಈ ವಾರವೇ ಫೋನ್ ಮಾಡಿ.